ಊಟದಲ್ಲಿ ಮಧ್ಯಮ ಮಾರ್ಗ ಅಂದರೆ ಎಷ್ಟು ತಿನ್ನಬೇಕು?

ಪ್ರಶ್ನೆ: ತೂಕ ಇಳಿಸಲು ಎರಡು ಸಲ ಕಟ್ಟುನಿಟ್ಟಾಗಿ ಉಪವಾಸ ಮಾಡಿದೆ. ಇಳಿದದ್ದೆಲ್ಲ ವಾಪಸ್ ಬಂತು, ಜೊತೆಗೆ ಇನ್ನೆರಡು ಕಿಲೋ. ಈಗ ಬುದ್ಧನ ಮಧ್ಯಮ ಮಾರ್ಗದ ಬಗ್ಗೆ, ಅಂದರೆ ಅತಿ ಭೋಗವೂ ಬೇಡ, ಅತಿ ದೇಹದಂಡನೆಯೂ ಬೇಡ ಅನ್ನುವ ದಾರಿಯ ಬಗ್ಗೆ, ಓದುತ್ತಿದ್ದೇನೆ. ಭಿಕ್ಷುಗಳ ಹಾಗೆ ಮಧ್ಯಾಹ್ನದ ನಂತರ ತಿನ್ನುವುದನ್ನೇ ಬಿಡಲಾ?

ಆಹಾರ ತಜ್ಞೆಯ ಉತ್ತರ: ಬೇಡ. ಅದು ಭಿಕ್ಷುಗಳ ಶಿಸ್ತು, ತೂಕ ಇಳಿಸಲು ಮಾಡಿದ್ದಲ್ಲ. ನಿಮಗೆ ಅದು ಬೇರೆ ಹೆಸರಿನ ಮೂರನೇ ಉಪವಾಸ ಆಗುತ್ತದೆ, ಅಷ್ಟೇ. ಬುದ್ಧನೂ ಪಕ್ಕೆಲುಬು ಎದ್ದು ಕಾಣುವ ತನಕ ಹಸಿದಿದ್ದು, ಇದರಿಂದ ಏನೂ ಸಿಗದು ಅಂತ ಬಿಟ್ಟವನೇ ಅಲ್ವಾ?

ನನಗೆ ಇಷ್ಟವಾದದ್ದು ಬುದ್ಧನ ಕಾಲದ ಕೋಸಲ ರಾಜ್ಯದ ರಾಜ ಪಸೇನದಿಯ ಕಥೆ. ಒಂದು ದಿನ ಹೊಟ್ಟೆ ಬಿರಿಯುವಷ್ಟು ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧನ ಹತ್ತಿರ ಬಂದ. ಬುದ್ಧ ಬೈಯಲಿಲ್ಲ. ಅಳತೆ ಅರಿತು, ಎಚ್ಚರದಿಂದ ಉಣ್ಣುವವನಿಗೆ ಸಂಕಟ ಕಡಿಮೆ, ಮುಪ್ಪೂ ನಿಧಾನ ಅನ್ನುವ ಅರ್ಥದ ಪದ್ಯ ಹೇಳಿದ. ರಾಜ ಅದನ್ನು ಒಬ್ಬ ಹುಡುಗನಿಗೆ ಬಾಯಿಪಾಠ ಮಾಡಿಸಿದ. ಊಟದ ಹೊತ್ತಿಗೆ ಅದನ್ನು ಹೇಳಲು ದಿನಕ್ಕೆ 100 ಕಹಾಪಣ (ಆ ಕಾಲದ ನಾಣ್ಯ) ಕೂಲಿ! (ಈಗ ಫೋನಿನ ಅಲಾರಂ ಪುಕ್ಕಟೆ.) ಈ ಕಥೆಯ ಹಳೆಯ ವ್ಯಾಖ್ಯಾನದಲ್ಲಿ ಇನ್ನೂ ಒಂದು ಮಾತಿದೆ. ಕೊನೆಯ ತುತ್ತಿಗೆ ಕೈ ಹಾಕುವಾಗ ಪದ್ಯ ಕೇಳಿಸಬೇಕು, ರಾಜ ಆ ತುತ್ತು ಬಿಡಬೇಕು, ಮುಂದಿನ ಊಟಕ್ಕೆ ಅಷ್ಟು ಅಕ್ಕಿ ಕಡಿಮೆ ಹಾಕಬೇಕು. ಹೀಗೆ ತುತ್ತು ತುತ್ತಾಗಿ ಇಳಿಸಿ ರಾಜ ತೆಳ್ಳಗಾದ.

ನೀವೂ ಅದನ್ನೇ ಮಾಡಿ. ಹೊಟ್ಟೆ ತುಂಬಿದ್ದು ಮಿದುಳಿಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಗಬಗಬ ತಿಂದರೆ ಅಷ್ಟರಲ್ಲಿ ಜಾಸ್ತಿ ಆಗಿಬಿಟ್ಟಿರುತ್ತದೆ. ಬುದ್ಧನ ಶಿಷ್ಯ ಸಾರಿಪುತ್ತ, ಇನ್ನು ನಾಲ್ಕೈದು ತುತ್ತು ಇರುವಾಗಲೇ ನಿಲ್ಲಿಸಿ ನೀರು ಕುಡಿ ಅಂದಿದ್ದ. ವಾರಕ್ಕೆ ಅರ್ಧ ಕಿಲೋ ಇಳಿದರೂ ಒಳ್ಳೆಯದೇ.

ಪ್ರಶ್ನೆ: ತಟ್ಟೆಯಲ್ಲಿ ಬಿಟ್ಟರೆ ಸುಮ್ನೆ ದಂಡ ಆಗುತ್ತಲ್ಲ? ನನಗೆ ಮನಸ್ಸು ಬರುವುದಿಲ್ಲ.

ಉತ್ತರ: ಹಾಗಾದರೆ ಬಡಿಸಿಕೊಳ್ಳುವಾಗಲೇ ಆ ನಾಲ್ಕು ತುತ್ತು ಕಡಿಮೆ ಹಾಕಿಕೊಳ್ಳಿ. 20 ನಿಮಿಷ ಆದಮೇಲೂ ನಿಜವಾಗಿ ಹಸಿವಿದ್ದರೆ ಇನ್ನೊಮ್ಮೆ ಬಡಿಸಿಕೊಳ್ಳಿ, ತಪ್ಪೇನಿಲ್ಲ.

ಮತ್ತೊಬ್ಬರು: ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಾನೂ ಹೀಗೆ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ವೈದ್ಯರನ್ನು ಕೇಳಿ. ಊಟ ಇಳಿಸಿ ಡೋಸ್ ಹಾಗೇ ಇಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು.