ಉಬುಂಟುವಿನಲ್ಲಿ ವೀಣೆ ರೆಕಾರ್ಡಿಂಗ್: ಪಟ್ ಪಟ್ ಸದ್ದಿಗೆ ಏನು ಮಾಡೋದು?

ಕುವೆಂಪುನಗರದ ವೈಣಿಕ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಮನೆಯಲ್ಲೇ ವೀಣೆ ರೆಕಾರ್ಡ್ ಮಾಡುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಉಬುಂಟು 24.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್), ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್. ರೆಕಾರ್ಡಿಂಗ್ ಸಾಫ್ಟ್‌ವೇರ್ ಆರ್ಡೋರ್. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು, 64 ಸ್ಯಾಂಪಲ್ ಇದೆ. ನಡುನಡುವೆ ಪಟ್ ಪಟ್ ಅನ್ನುತ್ತದೆ, ಎಕ್ಸ್‌ರನ್ (ಕಂಪ್ಯೂಟರ್ ಸಮಯಕ್ಕೆ ಕೆಲಸ ಮುಗಿಸದೆ ಸದ್ದು ತುಂಡಾದ ಸಲಗಳ ಲೆಕ್ಕ) ಏರುತ್ತಲೇ ಇದೆ, ಅದೂ ತಾನ ಚೆನ್ನಾಗಿ ಬಂದಾಗಲೇ! ರಿಯಲ್‌ಟೈಮ್ ಕರ್ನಲ್ (ತುರ್ತು ಕೆಲಸವನ್ನು ಸಮಯಕ್ಕೆ ಸರಿಯಾಗಿ ಮುಗಿಸುವಂತೆ ಮಾಡಿದ ಲಿನಕ್ಸಿನ ತಿರುಳು) ಹಾಕಬೇಕಾ, ಇಲ್ಲ ಎಲ್ಲ ಅಳಿಸಿ ಆಡಿಯೋ, ವಿಡಿಯೋ ಕೆಲಸಕ್ಕೆಂದೇ ಇರುವ ಉಬುಂಟು ಸ್ಟುಡಿಯೋ ಹಾಕಲಾ?

ಮಂಡ್ಯದ ಬೆಲ್ಲ
ಸಾರ್, ನಿಮಗೆ 64 ಯಾಕೆ? ಕಂಪ್ಯೂಟರಿನಲ್ಲಿ ಎಫೆಕ್ಟ್ ಹಾಕಿ ಅದನ್ನೇ ಕೇಳುತ್ತಾ ಗಿಟಾರ್ ಬಾರಿಸುವವರಿಗೆ ಅದು ಬೇಕು. ವೀಣೆ ನಿಮ್ಮ ತೊಡೆ ಮೇಲೇ ಇದೆ ಅಲ್ವಾ, ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಸೆಕೆಂಡಿಗೆ 48000 ಸ್ಯಾಂಪಲ್ ರೇಟಿನಲ್ಲಿ 64 ಅಂದರೆ ಬರೀ 1.3 ಮಿಲಿಸೆಕೆಂಡು, ಅಷ್ಟರಲ್ಲಿ ಪ್ರೊಸೆಸರ್ ಪ್ರತಿ ಸಲ ಕೆಲಸ ಮುಗಿಸಬೇಕು, ನಡುವೆ ವೈಫೈ ಏನಾದರೂ ಅಡ್ಡ ಬಂತೋ ಪಟ್. 1024 ಇಡಿ. ತಡ 21 ಮಿಲಿಸೆಕೆಂಡಿಗೆ ಏರುತ್ತದೆ, ಏರಲಿ ಬಿಡಿ. ಹೆಡ್‌ಫೋನಿನಲ್ಲಿ ಕೇಳಲೇಬೇಕು ಅಂದರೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಇದೆಯಾ ನೋಡಿ, ಆ ಸದ್ದು ಕಂಪ್ಯೂಟರ್ ಸುತ್ತಿ ಬರುವುದಿಲ್ಲ. ಮೃದಂಗದ ಟ್ರ್ಯಾಕ್ ಹಾಕಿಕೊಂಡು ನುಡಿಸಿದರೂ ಆರ್ಡೋರ್ ತಡವನ್ನು ಲೆಕ್ಕ ಹಾಕಿ ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸುತ್ತದೆ.

ಸುಮ್ನೆ ಬಂದವನು
ಬೆಲ್ಲ ಹೇಳಿದ್ದು ಸರಿ. ಅದಾದ ಮೇಲೂ ಪಟ್ ಅಂದರೆ ಮಾತ್ರ ಮುಂದಿನದು: ಪವರ್ ಮೋಡನ್ನು ಪರ್ಫಾರ್ಮೆನ್ಸ್‌ಗೆ ಹಾಕಿ, ರೆಕಾರ್ಡ್ ಮಾಡುವಾಗ ವೈಫೈ ಆರಿಸಿ, ನಿಮ್ಮ ಲಾಗಿನ್ 'ಆಡಿಯೋ' ಗುಂಪಿನಲ್ಲಿದೆಯಾ, ಆ ಗುಂಪಿಗೆ ರಿಯಲ್‌ಟೈಮ್ ಅನುಮತಿ ಇದೆಯಾ ನೋಡಿ. ಏನನ್ನೂ ಅಳಿಸಬೇಡಿ. ಉಬುಂಟು ಸ್ಟುಡಿಯೋ ಇನ್‌ಸ್ಟಾಲರ್ ಅಂತ ಒಂದು ಪ್ಯಾಕೇಜ್ ಇದೆ, ಈಗಿರುವ ಉಬುಂಟು ಮೇಲೆಯೇ ಬೇಕಾದ್ದನ್ನೆಲ್ಲ ಸೇರಿಸುತ್ತದೆ. ರಿಯಲ್‌ಟೈಮ್ ಕೋಡ್ 2024ರಲ್ಲಿ ಲಿನಕ್ಸ್ 6.12ರಿಂದ ಮುಖ್ಯ ಕರ್ನಲ್‌ಗೇ ಸೇರಿತು. ಆದರೂ ವೀಣೆ ರೆಕಾರ್ಡಿಂಗಿಗೆ ಅದರ ಹಿಂದೆ ಬೀಳುವುದು ದಂಡ.

ಕುವೆಂಪುನಗರದ ವೈಣಿಕ
1024ಕ್ಕೆ ಪಟ್ ಪಟ್ ನಿಂತಿತು, ಥ್ಯಾಂಕ್ಸ್! ಈಗ ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಅನ್ನುವುದು ಕೇಳುತ್ತಿದೆ. ಇದಕ್ಕೂ ಏನಾದರೂ ಸೆಟ್ಟಿಂಗ್ ಇದೆಯಾ?

ಮಂಡ್ಯದ ಬೆಲ್ಲ
ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಲಿನಕ್ಸ್ ತಪ್ಪಲ್ಲ, ಕರೆಂಟಿನ 50 ಹರ್ಟ್ಸ್ ಗುಂಯ್ ಒಳಗೆ ಬರುತ್ತಿದೆ. ಎಲೆಕ್ಟ್ರಿಷಿಯನ್ ಕರೆದು ಆ ಪ್ಲಗ್ಗಿನ ಅರ್ಥಿಂಗ್ ಚೆಕ್ ಮಾಡಿಸಿ. ಅಲ್ಲಿಯವರೆಗೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.