ಅಪ್ಪನ ಬಿ.ಪಿ.ಗೆ ಡಾರ್ಕ್ ಚಾಕೊಲೇಟ್ ಸಾಕಾ? ಮಾತ್ರೆ ಬಿಟ್ಟುಬಿಟ್ಟಿದ್ದಾರೆ

ಸಿರಾಗೇಟ್_ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು. ಅಪ್ಪನಿಗೆ 64 ವರ್ಷ, ಎಂಟು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ. ಡಾರ್ಕ್ ಚಾಕೊಲೇಟ್ ತಿಂದರೆ ಬಿ.ಪಿ. ಇಳಿಯುತ್ತೆ ಅಂತ ಯಾರೋ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ್ದರು. ಅವತ್ತಿನಿಂದ ರಾತ್ರಿ ಮುದ್ದೆ ಊಟ ಆದ ಮೇಲೆ ದಿನಾ ಅರ್ಧ ಬಾರ್. ಮೊನ್ನೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಮಾತ್ರೆ ಶೀಟು ಸಿಕ್ಕಿತು. ಹನ್ನೊಂದು ಮಾತ್ರೆ ಹಾಗೇ ಇವೆ! ಬಿ.ಪಿ. ನೋಡಿಸಿದರೆ 168/100. ಕೇಳಿದ್ದಕ್ಕೆ "ಚಾಕೊಲೇಟ್ ತಿಂತಿದ್ದೀನಲ್ಲಮ್ಮ, ಮಾತ್ರೆ ಯಾಕೆ" ಅಂದರು. ನನ್ನ ಕೈಕಾಲೇ ತಣ್ಣಗಾಯಿತು. ಇದರಲ್ಲಿ ನಿಜ ಎಷ್ಟಿದೆ?

ಗುಬ್ಬಿ_ತೋಟ:
ಮೊದಲು ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಮ್ಮ. ಉಳಿದದ್ದು ಬಂದಮೇಲೆ ಓದು.

ನಾನು ತೆಂಗಿನ ಸಾಲಿನ ಮಧ್ಯೆ ಕೋಕೋ ಹಾಕಿದ್ದೇನೆ. ಕಾಯಿ ಒಡೆದರೆ ಸೀತಾಫಲದ ಹಾಗೆ ಬಿಳಿ ತಿರುಳು, ಚೀಪಿದರೆ ಹುಳಿ ಸಿಹಿ. ಅದರೊಳಗಿನ ಬೀಜ ಕತ್ತರಿಸಿ ನೋಡಿದರೆ ನೇರಳೆ ಬಣ್ಣ. ಆ ಹಸಿ ಬೀಜ ಅಗಿದರೆ ನಾಲಿಗೆ ಹಿಡಿದುಕೊಳ್ಳುವಷ್ಟು ಒಗರು, ಕಹಿ. ಆ ಒಗರಿನಲ್ಲೇ ಇರುವುದು ಫ್ಲಾವನಾಲ್. ರಕ್ತನಾಳ ಸ್ವಲ್ಪ ಸಡಿಲವಾಗಲು ನೆರವಾಗುವುದು ಅದೇ. ಹಾಗಾಗಿ ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆದರೆ ಬೀಜ ಹಾಗೇ ಚಾಕೊಲೇಟ್ ಆಗುವುದಿಲ್ಲ, ಅಲ್ವಾ? ಐದಾರು ದಿನ ರಾಶಿ ಹಾಕಿ ಹುದುಗು ಬರಿಸುತ್ತೇವೆ. ಬಿಸಿಲಿಗೆ ಒಣಗಿಸುತ್ತೇವೆ. ಫ್ಯಾಕ್ಟರಿಯಲ್ಲಿ ಹುರಿಯುತ್ತಾರೆ. ಒಂದೊಂದು ಹಂತದಲ್ಲೂ ಫ್ಲಾವನಾಲ್ ಕಮ್ಮಿಯಾಗುತ್ತಾ ಹೋಗುತ್ತದೆ. ಕಹಿ ಕಳೆದು ಬಣ್ಣ ಗಾಢವಾಗಲಿ ಅಂತ ಕೆಲವರು ಕ್ಷಾರ ಹಾಕುತ್ತಾರೆ, ಆಗಂತೂ ಬಹುಪಾಲು ಹೋಗಿಬಿಡುತ್ತದೆ. ರ‍್ಯಾಪರ್ ಮೇಲೆ 70% ಅಂತ ಬರೆದಿರುವುದು ಕೋಕೋ ಎಷ್ಟಿದೆ ಅಂತ. ಫ್ಲಾವನಾಲ್ ಎಷ್ಟು ಉಳಿದಿದೆ ಅಂತ ಅದು ಹೇಳುವುದಿಲ್ಲ. ನಾನು ಬೆಳೆಯುವ ಬೆಳೆ, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೂ ಅದನ್ನು ಮಾತ್ರೆಯ ಜಾಗದಲ್ಲಿ ಇಡಬೇಡಿ.

ನೈಟ್_ಡ್ಯೂಟಿ_ಅಕ್ಕ:
ನಾನು ನರ್ಸ್. 2017ರಲ್ಲಿ ಕೊಕ್ರೇನ್ ಅನ್ನುವ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕೋಕೋದಿಂದ ಬಿ.ಪಿ. ಇಳಿದದ್ದು ಸರಾಸರಿ ಎರಡು ಪಾಯಿಂಟ್‌ಗಿಂತ ಕಮ್ಮಿ. ನಿಮ್ಮ ಅಪ್ಪನ 168ರಲ್ಲಿ ಎರಡು ಕಳೆದರೆ ಏನು ಉಳಿಯುತ್ತೆ, ನೀವೇ ನೋಡಿ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ದೊಡ್ಡ ಪ್ರಯೋಗ ನಡೆಯಿತು, 2022ರಲ್ಲಿ ಫಲಿತಾಂಶ ಬಂತು. ಕೋಕೋ ಸಾರ ತೆಗೆದುಕೊಂಡವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಸ್ವಲ್ಪ ಕಮ್ಮಿ ಇದ್ದರು. ಆದರೆ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಕೊಟ್ಟದ್ದೂ ಚಾಕೊಲೇಟ್ ಅಲ್ಲ, ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್ ಇರುವ ಕ್ಯಾಪ್ಸೂಲ್.

ಅರ್ಧ ಬಾರ್ ಅಂದರೆ 50 ಗ್ರಾಂ. ಹತ್ತಿರ ಹತ್ತಿರ 300 ಕ್ಯಾಲೊರಿ, ಮೂರು ಚಮಚದಷ್ಟು ಸಕ್ಕರೆ. ಅವರಿಗೆ ಶುಗರ್ ಇದೆಯಾ? ಒಂದು ಸಲ ಅದನ್ನೂ ಚೆಕ್ ಮಾಡಿಸಿ. ರಾತ್ರಿ ತಿಂದರೆ ಕೆಲವರಿಗೆ ಎದೆಯುರಿ ಬರುತ್ತೆ, ನಿದ್ದೆಯೂ ಕೆಡುತ್ತೆ.

ಮಧುಗಿರಿ_ಹುಡುಗ:
ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಡಾಕ್ಟರ್‌ಗೆ ಅದನ್ನೂ ಹೇಳಿ. ಚಾಕೊಲೇಟ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಕಲ್ಲು ಕಟ್ಟಲು ಕಾರಣವಾಗುವ ಅಂಶ ಅದು. ನನಗೆ ಕಲ್ಲು ಆದಾಗ ಪಾಲಕ್ ಜೊತೆ ಇದನ್ನೂ ಕಮ್ಮಿ ಮಾಡು ಅಂದಿದ್ದರು.

ಸಿರಾಗೇಟ್_ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತೇ ಸಂಜೆ ಕರೆದುಕೊಂಡು ಹೋದೆ. ಡಾಕ್ಟರ್ ಬೈಯಲಿಲ್ಲ. ಅದೇ ಮಾತ್ರೆ ಮತ್ತೆ ಶುರು ಮಾಡಿಸಿದರು. ಚಾಕೊಲೇಟ್ ಎರಡು ತುಂಡು ತಿನ್ನಿ, ಆದರೆ ಮಾತ್ರೆ ಆದಮೇಲೆ ಅಂದರು. ಹತ್ತು ದಿನ ಆಯಿತು, ಇವತ್ತು ಬೆಳಿಗ್ಗೆ 138/86. ತೋಟದ ಅಣ್ಣ, ನೀವು ಹೇಳಿದ ಒಗರಿನ ವಿಷಯ ಅಪ್ಪನಿಗೆ ಓದಿ ಹೇಳಿದೆ. ಒಂದು ಹಸಿ ಕಾಯಿ ನೋಡಬೇಕಂತೆ. ಗುಬ್ಬಿಗೆ ಯಾವಾಗ ಬರಬಹುದು?