ಆರನೇ ಕಾರ್ಡ್ ಬಂತೆಂದು ಗಾಬರಿ ಬೇಡ ಚಿಕ್ಕಮ್ಮ

ಚಿಕ್ಕಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಲ್ಲಿ ಮುಗಿಸುವ ಉತ್ತರ ಅಲ್ಲ ಇದು, ಅದಕ್ಕೇ ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಎಲ್ಲರೂ ಸಹಿಸಿಕೊಳ್ಳಿ. ಮಗನ ಹೆಸರಿಗೆ ಆರನೇ ಕ್ರೆಡಿಟ್ ಕಾರ್ಡ್ ಬಂತು, ಇವನಿಗೇನು ಹುಚ್ಚಾ, ಎಲ್ಲಾದರೂ ಸಾಲದಲ್ಲಿ ಸಿಕ್ಕಿಕೊಂಡಿದ್ದಾನಾ ಎಂದು ಕೇಳಿದ್ದೀರಿ. ಅದರ ಕೆಳಗೇ ದೊಡ್ಡಪ್ಪ, "ಎಲ್ಲ ಕತ್ತರಿಸಿ ಹಾಕು ಅನ್ನು" ಎಂದಿದ್ದಾರೆ. ನನಗೂ ಈ ಹವ್ಯಾಸ ಇದೆ, ಇಷ್ಟಪಟ್ಟೇ ಮಾಡುತ್ತೇನೆ. ಹಾಗಾಗಿ ಅವನ ಪರವಾಗಿ ಮಾತಾಡುತ್ತೇನೆ. ದೊಡ್ಡಪ್ಪನ ಭಯವೂ ಸುಳ್ಳಲ್ಲ, ಅದಕ್ಕೂ ಬರುತ್ತೇನೆ.

ಮೊದಲು ಒಂದು ಮಾತು. ಕಾರ್ಡ್ ಎಷ್ಟಿದೆ ಅನ್ನುವುದು ಬೇರೆ, ಸಾಲ ಎಷ್ಟಿದೆ ಅನ್ನುವುದು ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟರ್ ಕ್ಯಾವನಾ ಎಂಬಾತ 1960ರ ದಶಕದ ಕೊನೆಯಲ್ಲಿ ಗೆಳೆಯನ ಜೊತೆ ಪಂದ್ಯ ಕಟ್ಟಿದ. ವರ್ಷದ ಕೊನೆಗೆ ಯಾರ ಹತ್ತಿರ ಜಾಸ್ತಿ ಕಾರ್ಡ್ ಇರುತ್ತದೋ ಅವನಿಗೆ ಇನ್ನೊಬ್ಬ ಊಟ ಕೊಡಿಸಬೇಕು. ಕ್ಯಾವನಾ 143 ಕಾರ್ಡ್ ತೋರಿಸಿ ಗೆದ್ದ. ಆಮೇಲೂ ಬಿಡಲಿಲ್ಲ. ಸಂಖ್ಯೆ 1,497ಕ್ಕೆ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಅಷ್ಟೂ ಕಾರ್ಡ್ ಇದ್ದವನು ದಿವಾಳಿ ಆಗಲಿಲ್ಲ. ಒಬ್ಬ ಮನುಷ್ಯ ಖರ್ಚು ಮಾಡುವುದಕ್ಕೆ ಅಷ್ಟು ಕಾರ್ಡ್ ಬೇಕಾಗಿಯೇ ಇಲ್ಲ ಅಲ್ವಾ? ಕೂಡಿಸುವುದೇ ಅವನಿಗೆ ಸಂತೋಷ.

ನಿಮ್ಮ ಮಗನ ಆರು ಕಾರ್ಡ್ ಹಿಂದೆಯೂ ಅದೇ ಜಾತಿಯ ಸಂತೋಷ ಇದೆ. ಆದರೆ ಅದರಲ್ಲಿ ಬೇರೆ ಬೇರೆ ಪದರ ಇದೆ.

ಮೇಲಿನ ಪದರ ವಸ್ತುವಿನ ಮೋಹ. ದಪ್ಪ ಲಕೋಟೆ ಬಂದಾಗ, ಹೊಸ ಕಾರ್ಡಿನ ಬಣ್ಣ, ಅಂಚು, ತೂಕ ನೋಡುವುದು ಒಂದು ಖುಷಿ. ಜಗತ್ತಿನ ಯಾವ ಮೂಲೆಗೆ ಹೋದರೂ ಅಳತೆ ಒಂದೇ, 85.60 ಮಿಲಿಮೀಟರ್ ಅಗಲ, 53.98 ಎತ್ತರ. ಸಂಖ್ಯೆ 4ರಿಂದ ಶುರುವಾದರೆ ವೀಸಾ, 34 ಅಥವಾ 37 ಇದ್ದರೆ ಅಮೆರಿಕನ್ ಎಕ್ಸ್‌ಪ್ರೆಸ್. ಕೊನೆಯ ಅಂಕಿಯನ್ನು ಸುಮ್ನೆ ಹಾಕಿರುವುದಿಲ್ಲ. ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಕಂಡುಹಿಡಿದ ಲೆಕ್ಕ ಅದು, 1960ರಲ್ಲಿ ಪೇಟೆಂಟ್ ಸಿಕ್ಕಿತು. ಬಲಗಡೆಯ ಕೊನೆಯ ಅಂಕಿಯನ್ನು ಹಾಗೇ ಬಿಟ್ಟು, ಅದರ ಪಕ್ಕದ್ದರಿಂದ ಎಡಕ್ಕೆ ಎಣಿಸುತ್ತಾ ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಬೇಕು, ಎರಡಂಕಿ ಬಂದರೆ ಆ ಎರಡನ್ನು ಕೂಡಬೇಕು, ಕೊನೆಗೆ ಎಲ್ಲವನ್ನೂ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಆಗದಿದ್ದರೆ ನಂಬರ್ ತಪ್ಪು. ಆನ್‌ಲೈನಲ್ಲಿ ಒಂದು ಅಂಕಿ ತಪ್ಪಾಗಿ ಹೊಡೆದ ತಕ್ಷಣ "ನಂಬರ್ ಸರಿಯಿಲ್ಲ" ಎಂದು ಬರುತ್ತದಲ್ಲ, ಬ್ಯಾಂಕನ್ನು ಕೇಳದೆಯೇ ಅದಕ್ಕೆ ಗೊತ್ತಾಗುವುದು ಹೀಗೆ. ನಿಮ್ಮ ಕಾರ್ಡ್ ತೆಗೆದು ಒಮ್ಮೆ ಮಾಡಿ ನೋಡಿ. ಸರಿಹೊಂದಿದಾಗ ಖುಷಿ ಆಗಿಯೇ ಆಗುತ್ತದೆ.

ಅದರ ಕೆಳಗೆ ದಿನಾಂಕಗಳ ಆಟ. ಇದು ನನಗೆ ಬಹಳ ಇಷ್ಟ. ಒಂದು ಕಾರ್ಡಿನ ಬಿಲ್ ಪ್ರತಿ ತಿಂಗಳು 5ಕ್ಕೆ ತಯಾರಾಗುತ್ತದೆ, ಕಟ್ಟಲು 25ರವರೆಗೆ ಸಮಯ ಇದೆ ಎಂದುಕೊಳ್ಳಿ. 4ನೇ ತಾರೀಕು ಏನಾದರೂ ಕೊಂಡರೆ ಮರುದಿನವೇ ಬಿಲ್‌ಗೆ ಸೇರುತ್ತದೆ, ಇಪ್ಪತ್ತೊಂದು ದಿನದಲ್ಲಿ ದುಡ್ಡು ಕಟ್ಟಬೇಕು. ಅದನ್ನೇ 6ಕ್ಕೆ ಕೊಂಡರೆ ಬಿಲ್ ಬರುವುದು ಮುಂದಿನ ತಿಂಗಳು 5ಕ್ಕೆ, ಕಟ್ಟುವುದು ಆ 25ಕ್ಕೆ. ಎರಡು ದಿನ ತಡೆದದ್ದಕ್ಕೆ ಸುಮಾರು ಐವತ್ತು ದಿನ ಬಡ್ಡಿ ಇಲ್ಲದ ದುಡ್ಡು! ತಿಂಗಳ ಮಧ್ಯೆ ಬಿಲ್ ಆಗುವ ಇನ್ನೊಂದು ಕಾರ್ಡ್ ಇದ್ದರೆ, ಯಾವ ವಾರ ಯಾವುದನ್ನು ಹೊರಗೆ ತೆಗೆಯಬೇಕು ಅನ್ನುವ ಲೆಕ್ಕ ಇನ್ನೂ ಚೆನ್ನಾಗಿ ಕೂರುತ್ತದೆ. ಇದರ ಮೇಲೆ ಪೆಟ್ರೋಲಿಗೆ ಒಂದು, ಪ್ರಯಾಣಕ್ಕೆ ಒಂದು, ಆನ್‌ಲೈನ್ ಖರೀದಿಗೆ ಒಂದು, ಹೀಗೆ ಖರ್ಚಿಗೆ ಬಹುಮಾನವಾಗಿ ಕೊಡುವ ಪಾಯಿಂಟ್ ಎಲ್ಲಿ ಜಾಸ್ತಿ ಸಿಗುತ್ತದೋ ಅದು. ನಿಮ್ಮ ಮಗ ಮೊಬೈಲಲ್ಲಿ ಒಂದು ಪಟ್ಟಿ ಇಟ್ಟುಕೊಂಡಿರುತ್ತಾನೆ, ಕೇಳಿ ನೋಡಿ. ಕಾರ್ಡಿನ ಹೆಸರು, ಬಿಲ್ ದಿನ, ಕಟ್ಟುವ ದಿನ, ವಾರ್ಷಿಕ ಶುಲ್ಕ, ಎಷ್ಟು ಖರ್ಚಾದರೆ ಶುಲ್ಕ ಮಾಫಿ. ಅಂಥ ಪಟ್ಟಿ ಇಟ್ಟವನು ಅಷ್ಟು ಸುಲಭಕ್ಕೆ ಸಾಲದಲ್ಲಿ ಮುಳುಗುವುದಿಲ್ಲ.

ಪಾಯಿಂಟ್ ಅಂದರೆ ಮನುಷ್ಯ ಯಾಕೆ ಹಾಗೆ ಬೆನ್ನು ಹತ್ತುತ್ತಾನೆ ಅನ್ನುವುದಕ್ಕೆ 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದೆ. ಕಿವೆಟ್ಜ್ ಮತ್ತು ಅವರ ಜೊತೆಗಾರರು ಮಾಡಿದ್ದು. ಕೆಲವರಿಗೆ ಹತ್ತು ಮುದ್ರೆ ಬಿದ್ದರೆ ಒಂದು ಕಾಫಿ ಉಚಿತ ಎಂಬ ಕಾರ್ಡ್ ಕೊಟ್ಟರು. ಇನ್ನು ಕೆಲವರಿಗೆ ಹನ್ನೆರಡು ಮುದ್ರೆಯ ಕಾರ್ಡ್, ಆದರೆ ಎರಡು ಮೊದಲೇ ಒತ್ತಿ ಕೊಟ್ಟದ್ದು. ಇಬ್ಬರಿಗೂ ಬೇಕಾದದ್ದು ಹತ್ತೇ. ಆದರೂ ಎರಡು ಮೊದಲೇ ಬಿದ್ದಿದ್ದವರು ಬೇಗ ಮುಗಿಸಿದರು. ಗುರಿ ಹತ್ತಿರ ಬಂದಷ್ಟೂ ಕಾಫಿಗೆ ಹೋಗುವ ವೇಗವೂ ಏರಿತು. ಬ್ಯಾಂಕಿನವರು "ಸ್ವಾಗತ ಬೋನಸ್" ಎಂದು ಮೊದಲ ದಿನವೇ ಪಾಯಿಂಟ್ ಹಾಕುವುದು ಸುಮ್ನೆ ಅಲ್ಲ.

ಈಗ ಎಲ್ಲಕ್ಕಿಂತ ಕೆಳಗಿನ ಪದರ. ನನಗೆ ಮುಖ್ಯ ಅನ್ನಿಸುವುದು ಇದೇ, ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವುದರಲ್ಲಿ ಒಬ್ಬನನ್ನು ಎಷ್ಟು ನಂಬಬಹುದು ಎಂದು ತೋರಿಸುವ ಅಂಕ.

ನಂಬಿಕಸ್ಥ ಎಂದು ಯಾರು ಯಾರನ್ನು ಕರೆಯುತ್ತಿದ್ದರು ಮೊದಲು? ಸಾಲ ಬೇಕೆಂದರೆ ಕೊಡುವವನ ಮುಂದೆ ನಿಲ್ಲಬೇಕು. ಅವನು ಮುಖ ನೋಡುತ್ತಾನೆ, ಮನೆತನ ನೋಡುತ್ತಾನೆ, ಯಾರ ಮಗ ಎಂದು ಕೇಳುತ್ತಾನೆ. ಅಮೆರಿಕದಲ್ಲೇ 1974ರಲ್ಲಿ ಸಮಾನ ಸಾಲಾವಕಾಶದ ಕಾನೂನು ಬರುವ ತನಕ, ದುಡಿಯುವ ಹೆಂಗಸಿಗೂ ಗಂಡನ ಸಹಿ ಇಲ್ಲದೆ ಕಾರ್ಡ್ ಕೊಡಲು ಎಷ್ಟೋ ಬ್ಯಾಂಕುಗಳು ಒಪ್ಪುತ್ತಿರಲಿಲ್ಲ. ಚಿಕ್ಕಮ್ಮ, ಇದನ್ನು ನೀವು ಓದಬೇಕು ಎಂದೇ ಬರೆದೆ. 1956ರಲ್ಲಿ ಬಿಲ್ ಫೇರ್ ಎಂಬ ಎಂಜಿನಿಯರ್, ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ ಒಂದು ಕಂಪನಿ ಶುರು ಮಾಡಿದ್ದರು. ಹಿಂದೆ ಹೇಗೆ ಕಟ್ಟಿದ್ದಾನೆ ಅನ್ನುವುದನ್ನು ಅಂಕಿಗೆ ಇಳಿಸಿ ಮುಂದೆ ಕಟ್ಟುತ್ತಾನಾ ಎಂದು ಹೇಳುವ ಕೆಲಸ. ಎಲ್ಲ ಬ್ಯಾಂಕೂ ಬಳಸಬಹುದಾದ, ಅದೇ ಕಂಪನಿಯ ಫೈಕೋ ಸ್ಕೋರ್ 1989ರಲ್ಲಿ ಬಂತು. ಅಲ್ಲಿ 300ರಿಂದ 850, ಭಾರತದಲ್ಲಿ ಅಂಥದ್ದೇ ಆದ ಸಿಬಿಲ್ ಸ್ಕೋರಿನಲ್ಲಿ 300ರಿಂದ 900.

ಫೈಕೋದ ಲೆಕ್ಕದಲ್ಲಿ ಶೇ. 35 ತೂಕ ಸಮಯಕ್ಕೆ ಕಟ್ಟಿದ್ದಕ್ಕೆ. ಶೇ. 30 ಎಷ್ಟು ಬಾಕಿ ಇದೆ ಅನ್ನುವುದಕ್ಕೆ. ಶೇ. 15 ಖಾತೆ ಎಷ್ಟು ಹಳೆಯದು ಅನ್ನುವುದಕ್ಕೆ. ಉಳಿದದ್ದು ಹೊಸ ಅರ್ಜಿಗಳಿಗೆ, ಸಾಲದ ಬಗೆಗಳಿಗೆ ಹತ್ತತ್ತು. ಸಂಬಳ ಎಷ್ಟು ಅನ್ನುವುದು ಇದರಲ್ಲಿ ಎಲ್ಲಿದೆ? ಇಲ್ಲ. ಕಡಿಮೆ ಸಂಬಳದವನು ಚಿಕ್ಕ ಬಿಲ್ಲನ್ನು ತಪ್ಪದೆ ಕಟ್ಟುತ್ತಾ ಹೋದರೆ, ದೊಡ್ಡ ಸಂಬಳದ ಸೋಮಾರಿಗಿಂತ ಮೇಲಿರುತ್ತಾನೆ. ಹೇಳಿದ ದಿನಕ್ಕೆ ಕೊಟ್ಟೆ, ಹೋದ ತಿಂಗಳೂ ಕೊಟ್ಟೆ, ಅದರ ಹಿಂದಿನ ತಿಂಗಳೂ ಕೊಟ್ಟೆ, ಇದನ್ನು ಯಾರೋ ಬರೆದಿಟ್ಟಿದ್ದಾರೆ ಅನ್ನುವುದು ಎಂಥ ಸಮಾಧಾನ ಗೊತ್ತಾ? ಮಾತು ಉಳಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ಯಾರೂ ಅಂಕ ಕೊಡುವುದಿಲ್ಲ. ಸ್ಕೋರ್ ತೋರಿಸುವ ಆ್ಯಪ್ ತೆಗೆದಾಗ ಮುಳ್ಳು ಸ್ವಲ್ಪ ಬಲಕ್ಕೆ ಸರಿದಿದ್ದರೆ ನಿಮ್ಮ ಮಗನ ಮುಖ ಅರಳುವುದು ಅದಕ್ಕೇ.

ಕಾರ್ಡ್ ಜಾಸ್ತಿ ಇದ್ದರೆ ಸ್ಕೋರ್ ಬೀಳಬೇಕಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಸ್ವಾರಸ್ಯ. ಒಂದೇ ಕಾರ್ಡ್, ಅದರಲ್ಲಿ ಖರ್ಚು ಮಾಡಬಹುದಾದ ಮಿತಿ 100 ಎಂದುಕೊಳ್ಳಿ. ತಿಂಗಳಿಗೆ 40 ಖರ್ಚಾದರೆ ಮಿತಿಯ ಶೇ. 40 ಬಳಸಿದಂತೆ. ಅಷ್ಟೇ ಮಿತಿಯ ಇನ್ನೊಂದು ಕಾರ್ಡ್ ಬಂದು ಖರ್ಚು ಅಷ್ಟೇ ಇದ್ದರೆ ಅದು ಶೇ. 20. ಬಳಕೆ ಶೇ. 30ರ ಒಳಗಿರಲಿ ಎಂದು ತಿಳಿದವರು ಹೇಳುತ್ತಾರೆ, ಇನ್ನೂ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಹೊಸ ಅರ್ಜಿ ಹಾಕಿದಾಗ ವರದಿಯಲ್ಲಿ ಒಂದು ಗುರುತು ಬಿದ್ದು ಕೆಲವು ಅಂಕ ಇಳಿಯುವುದು ನಿಜ. ಅದು ಮತ್ತೆ ಏರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಮಾತ್ರ, ಇವನಿಗೆ ದುಡ್ಡಿನ ತುರ್ತು ಇದೆ ಎಂದು ಬ್ಯಾಂಕು ಅನುಮಾನ ಪಡುತ್ತದೆ. ನಮ್ಮ ಸ್ಕೋರನ್ನು ನಾವೇ ನೋಡಿಕೊಂಡರೆ ಏನೂ ಇಳಿಯುವುದಿಲ್ಲ, ಈ ಭಯ ಸುಮಾರು ಜನಕ್ಕೆ ಇದೆ.

ಈ ಪದ್ಧತಿಯಲ್ಲಿ ಅನ್ಯಾಯವೂ ಇದೆ. ದೊಡ್ಡಪ್ಪ, ನೀವು ಜೀವನದಲ್ಲಿ ಯಾರಿಗೂ ಬಾಕಿ ಉಳಿಸಿಕೊಂಡವರಲ್ಲ. ಸಾಲವನ್ನೇ ಮಾಡದ ಕಾರಣ ನಿಮಗೆ ಸ್ಕೋರೇ ಇಲ್ಲ. ಕಂಪ್ಯೂಟರ್ ಪಾಲಿಗೆ ನೀವು ಅಪರಿಚಿತ. ನಮಗೆಲ್ಲ ಗೊತ್ತಿರುವ ನಿಮ್ಮ ಪ್ರಾಮಾಣಿಕತೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರು.

ನಿಮ್ಮ ಭಯದ ವಿಷಯಕ್ಕೂ ಬರುತ್ತೇನೆ. 1950ರಲ್ಲಿ ನ್ಯೂಯಾರ್ಕಲ್ಲಿ ಶುರುವಾದ ಡೈನರ್ಸ್ ಕ್ಲಬ್ ಕಾರ್ಡಿನಲ್ಲಿ ತಿಂಗಳ ಕೊನೆಗೆ ಪೂರ್ತಿ ಕಟ್ಟಲೇಬೇಕಿತ್ತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೊ ಊರಿನ ಸುಮಾರು 60,000 ಜನಕ್ಕೆ, ಯಾರೂ ಕೇಳದೆಯೇ, ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಅದರಲ್ಲಿ ಸ್ವಲ್ಪ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳಬಹುದಿತ್ತು. ಆ ತಳ್ಳುವಿಕೆಯೇ ಇವತ್ತಿಗೂ ಮನೆ ಮುರಿಯುವುದು. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಮೊತ್ತ. ಕನಿಷ್ಠ ಕಟ್ಟಿದರೆ ದಂಡ ಬೀಳುವುದಿಲ್ಲ, ಆದರೆ ಬಡ್ಡಿ ಓಡುತ್ತದೆ. ವರ್ಷಕ್ಕೆ ಶೇ. 20 ದಾಟುವುದು ಮಾಮೂಲಿ, ಕೆಲವು ದೇಶಗಳಲ್ಲಿ ಶೇ. 40ರ ಮೇಲೂ ಇದೆ. ಮೇಲೆ ಹೇಳಿದ ಐವತ್ತು ದಿನದ ಸೌಲಭ್ಯವೂ ಸಾಮಾನ್ಯವಾಗಿ ಹೋಗುತ್ತದೆ, ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ. ಕಾರ್ಡಿನಿಂದ ನಗದು ತೆಗೆದರೆ ಅಂತೂ ತೆಗೆದ ದಿನವೇ ಶುರು.

ಕೈಯಲ್ಲಿ ಕಾರ್ಡ್ ಇದ್ದರೆ ಖರ್ಚಿನ ಕೈ ಉದ್ದ ಆಗುವುದೂ ನಿಜ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಇದನ್ನು ತೋರಿಸಿದ್ದಾರೆ. ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟು ಕೆಲವರಿಗೆ ನಗದು ಕೊಡಬೇಕು ಎಂದರು, ಕೆಲವರಿಗೆ ಕಾರ್ಡ್ ಎಂದರು. ಕಾರ್ಡಿನವರು ಕೂಗಿದ ಬೆಲೆ ಸುಮಾರು ಎರಡರಷ್ಟು. ಆಮೇಲೆ ನಮಗೆ ಸಿಗುವ ಪಾಯಿಂಟ್ ಆಕಾಶದಿಂದ ಉದುರುವುದಿಲ್ಲ. ಒಂದು ಪಾಲು ಅಂಗಡಿಯವರು ಕೊಡುವ ಶುಲ್ಕದಿಂದ ಬರುತ್ತದೆ, ಇನ್ನೊಂದು ಪಾಲು ಪೂರ್ತಿ ಕಟ್ಟಲಾಗದೆ ಒದ್ದಾಡುವವರ ಬಡ್ಡಿಯಿಂದ. ಈ ಹವ್ಯಾಸ ಇಷ್ಟಪಡುವವರು ಇದನ್ನು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಚಿಕ್ಕಮ್ಮ, ಎಷ್ಟು ಕಾರ್ಡ್ ಎಂದು ಕೇಳಬೇಡಿ. "ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೀಯಾ, ಬಡ್ಡಿ ಅಂತ ಒಂದು ಪೈಸೆ ಹೋಗಿದೆಯಾ?" ಎಂದು ಕೇಳಿ. ಬೈಯುವ ಧಾಟಿಯಲ್ಲಿ ಬೇಡ. ಬಿಲ್ ತೋರಿಸು ಎಂದರೆ ಅವನೇ ಉತ್ಸಾಹದಿಂದ ಪಕ್ಕದಲ್ಲಿ ಕೂತು ಎಲ್ಲ ವಿವರಿಸುತ್ತಾನೆ, ನೋಡಿ. ತಡವರಿಸಿದರೆ ಮಾತ್ರ ನನಗೆ ಫೋನ್ ಮಾಡಿ.

ಕತ್ತರಿಸಿ ಹಾಕುವುದು ಬೇಡ ದೊಡ್ಡಪ್ಪ. ಕತ್ತರಿಸಿದರೆ ಪ್ಲಾಸ್ಟಿಕ್ ಹೋಗುತ್ತದೆ, ಖಾತೆ ಇರುತ್ತದೆ, ಶುಲ್ಕವೂ ಬರುತ್ತಿರುತ್ತದೆ. ಕಡಿಮೆ ಮಾಡಲೇಬೇಕೆಂದರೆ ಶುಲ್ಕಕ್ಕೆ ತಕ್ಕ ಉಪಯೋಗ ಇಲ್ಲದ ಹೊಸ ಕಾರ್ಡನ್ನು ಬ್ಯಾಂಕಿಗೆ ಬರೆದು ಮುಚ್ಚಿಸಲಿ, ಮುಚ್ಚಿದ ಪತ್ರ ತೆಗೆದಿಟ್ಟುಕೊಳ್ಳಲಿ. ಎಲ್ಲಕ್ಕಿಂತ ಹಳೆಯದನ್ನು ಮುಟ್ಟಬಾರದು.

ಕೆಳಗೆ ಪುಟ್ಟಿ ಕೇಳಿದ್ದಾಳೆ, ಕೆಲಸಕ್ಕೆ ಸೇರಿದೆ, ಮೊದಲ ಕಾರ್ಡ್ ಹೇಗೆ ಎಂದು. ವಾರ್ಷಿಕ ಶುಲ್ಕ ಇಲ್ಲದ್ದು ಒಂದು ತಗೋ ಪುಟ್ಟಿ. ಕೊಡಲು ಒಪ್ಪದಿದ್ದರೆ ಠೇವಣಿ ಇಟ್ಟು ಅದರ ಮೇಲೆ ಕೊಡುವ ಕಾರ್ಡ್ ಕೇಳು. ಹೇಗೂ ಮಾಡುವ ಖರ್ಚು ಒಂದೆರಡನ್ನು ಮಾತ್ರ ಅದರಲ್ಲಿ ಹಾಕು. ಮೊದಲ ದಿನವೇ ಆಟೋ ಪೇ (ಬಿಲ್ ತಾನಾಗಿಯೇ ಖಾತೆಯಿಂದ ಕಟ್ಟಿಹೋಗುವ ವ್ಯವಸ್ಥೆ) ಹಾಕಿಬಿಡು, ಆದರೆ ಅಲ್ಲಿ ಕನಿಷ್ಠ ಮೊತ್ತ, ಪೂರ್ತಿ ಮೊತ್ತ ಎಂದು ಎರಡು ಆಯ್ಕೆ ಇರುತ್ತವೆ. ಪೂರ್ತಿಗೆ ಇದೆಯಾ ಎಂದು ಎರಡು ಸಲ ನೋಡಿ ಒತ್ತು. ಅರ್ಥ ಆಗದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ಕಳಿಸು, ಕಾರ್ಡ್ ನಂಬರ್ ಕಾಣದ ಹಾಗೆ.